ಬಿಸಿಲುಕೋಲಿನ ಲೆಕ್ಕ

ವಾಡಿ, ಶಹಾಬಾದದ ಕಡೆ ಯಾರ ಕಣ್ಣು ಕೆಂಪಾದರೂ ಕಾರಣ ಎರಡೇ: ಒಂದೋ ಕಣ್ಣು ಬಂದಾವ, ಇಲ್ಲಾ ಧೂಳು ಬಿದ್ದದ. ಒಂದು ಕಡೆ ಸಿಮೆಂಟ್ ಕಾರ್ಖಾನೆ, ಇನ್ನೊಂದು ಕಡೆ ಫರ್ಸಿ ಕಲ್ಲಿನ ಗಣಿ. ಧೂಳಿನ ಮೇಲೆ ಹಾಕುವುದು ಸುಲಭ. ಮೆಡಿಕಲ್ ಅಂಗಡಿಯ ಡ್ರಾಪ್ಸ್ ಎರಡು ದಿನ ಹಾಕಿದರೆ ಕೆಂಪು ಇಳಿಯುತ್ತದೆ, ಮಾತೂ ಅಲ್ಲಿಗೆ ಮುಗಿಯುತ್ತದೆ. ಆದರೆ ಬೆಳಕು ತಡೆಯಲಾಗದೆ, ಗುಡ್ಡೆಯೊಳಗೇ ನೋವು ಹಿಡಿದು, ಕಣ್ಣು ಮತ್ತೆ ಮತ್ತೆ ಕೆಂಪಾಗುತ್ತಿದ್ದರೆ ಯೂವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ, ಇದ್ದೀತು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕಣ್ಣಿನ ಮೇಲೆ ತಿರುಗಿಬೀಳುವ ಬಗೆಯೂ ಇದರಲ್ಲಿದೆ. ಬೆಳಿಗ್ಗೆ ಸೊಂಟ ಬಿಗಿಹಿಡಿಯುವ ಹರೆಯದ ಹುಡುಗರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಕಣ್ಣು, ಸೊಂಟ ಎರಡರ ತೊಂದರೆಯ ಬೇರೂ ಒಂದೇ ಇರಬಹುದು.

ಈ ಉರಿಯೂತವನ್ನು ಅಳೆಯುವ ರೀತಿ ನನಗೆ ಬಹಳ ಪ್ರೀತಿಯದು. ನಮ್ಮ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಾಗ, ಅಲ್ಲಿಯವರೆಗೆ ಕಾಣದ ಧೂಳಿನ ಕಣಗಳೆಲ್ಲ ಮಿನುಗುತ್ತವಲ್ಲ, ಕಣ್ಣಿನ ಡಾಕ್ಟರು ಬಳಸುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರ ಮಾಡುವುದೂ ಅದನ್ನೇ. ಕೋಣೆ ಕತ್ತಲು ಮಾಡುತ್ತಾರೆ. “ಗದ್ದ ಇಡ್ರಿ, ಹಣಿ ಹಚ್ರಿ” ಅನ್ನುತ್ತಾರೆ. 1 ಮಿ.ಮೀ. ಉದ್ದ, 1 ಮಿ.ಮೀ. ಅಗಲದ ಬೆಳಕು ಕರಿಗುಡ್ಡೆಯ ಮುಂದಿನ ತಿಳಿನೀರಿನೊಳಗೆ ಓರೆಯಾಗಿ ಹಾಯುತ್ತದೆ. ಅದರಲ್ಲಿ ಬಿಳಿ ರಕ್ತಕಣಗಳು ತೇಲುತ್ತಿರುತ್ತವೆ: ಒಳಗಿನ ಬಿಸಿಗೆ ಮೇಲೇರಿ, ಹೊರಪದರದ ತಂಪಿಗೆ ಕೆಳಗಿಳಿದು. ಡಾಕ್ಟರು ಅವನ್ನು ಕಣ್ಣಿನಿಂದಲೇ ಎಣಿಸಬೇಕು.

1ರಿಂದ 5 ಕಂಡರೆ 0.5+, 6ರಿಂದ 15ಕ್ಕೆ 1+, 25ರವರೆಗೆ 2+, 50ರವರೆಗೆ 3+, ಅದಕ್ಕೂ ಮೇಲಾದರೆ 4+. ಒಂದೂ ಕಾಣದಿದ್ದರೆ ಸೊನ್ನೆ. ನೀರು ಮಂಜಾಗಿದ್ದರೆ, ಅಂದರೆ ಪ್ರೋಟೀನು ಸೋರಿದ್ದರೆ, ಅದಕ್ಕೆ ಬೇರೆ ಅಂಕ. ಆ ಮಂಜನ್ನು ಲೇಸರ್ ಬಿಟ್ಟು ಅಳೆಯುವ ಯಂತ್ರವೂ ಉಂಟು, ಆದರೆ ಅದು ಎಲ್ಲ ಕಡೆ ಸಿಗುವಂಥದ್ದಲ್ಲ.

“ಸಾಹೇಬ್ರ, ಕೆಂಪು ಹೋಗ್ಯಾದ, ಔಷಧ ಬಿಡ್ಲೇನ್ರಿ?” ರೋಗಿ ಕೇಳುವ ಮೊದಲ ಪ್ರಶ್ನೆ ಇದು. ಕೆಂಪು ಹೋದರೂ ಒಳಗೆ ಕಣ ಉಳಿದಿರಬಹುದು. ನಡುವೆ ಔಷಧ ಬಿಟ್ಟರೆ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳಬಹುದು. ಕೀಲುವಾತವಿರುವ ಸಣ್ಣ ಮಕ್ಕಳಲ್ಲಂತೂ ಕಣ್ಣು ಹಾಲಿನಷ್ಟು ಬೆಳ್ಳಗಿದ್ದು, ನೋವೂ ಇಲ್ಲದೆ, ಒಳಗೆ ಉರಿಯೂತ ನಡೆದೇ ಇರಬಹುದು. ಆ ಮಕ್ಕಳನ್ನು ಏನೂ ತೊಂದರೆ ಕಾಣದಾಗಲೂ ಗದ್ದ ಇಡಿಸಿ ನೋಡುತ್ತಿರಬೇಕು. ಇತ್ತ ಸ್ಟೆರಾಯ್ಡ್ ಡ್ರಾಪ್ಸನ್ನು ತಾನಾಗಿ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ಔಷಧ ಹೆಚ್ಚಿಸಲಿಕ್ಕೂ ಇಳಿಸಲಿಕ್ಕೂ ಆ ಕಣಗಳ ಎಣಿಕೆಯೇ ಆಧಾರ.

ಮೊದಲು ಒಬ್ಬೊಬ್ಬ ಡಾಕ್ಟರರದು ಒಂದೊಂದು ಅಳತೆ. ಹಲವು ದೇಶಗಳ ತಜ್ಞರು ಕೂತು ಒಪ್ಪಿ, ಈ ಅಂಕಗಳನ್ನು 2005ರಲ್ಲಿ ಪ್ರಕಟಿಸಿದರು. ನಮ್ಮ ಭಾಗಕ್ಕೆ ಇದು ದೊಡ್ಡ ಉಪಕಾರ. ಚಿತ್ತಾಪುರ, ಸೇಡಂ, ಚಿಂಚೋಳಿಯ ಜನ ಕಣ್ಣಿಗಾಗಿ ಕಲಬುರಗಿಗೆ ಹೋಗುತ್ತಾರೆ, ಅಲ್ಲಿಂದ ಸೊಲ್ಲಾಪುರಕ್ಕೋ ಹೈದರಾಬಾದಿಗೋ ರೈಲು ಹತ್ತುತ್ತಾರೆ. ಭಾಷೆ ಬದಲಾದರೂ ಚೀಟಿಯ ಮೇಲಿನ 2+ ಬದಲಾಗುವುದಿಲ್ಲ. ಎರಡು ಹಂತ ಇಳಿದರೆ ಅಥವಾ ಸೊನ್ನೆಗೆ ಬಂದರೆ ಸುಧಾರಣೆ, ಎರಡು ಹಂತ ಏರಿದರೆ ಉಲ್ಬಣ. ಅದಕ್ಕೇ ಹಳೇ ಚೀಟಿ ಬಿಸಾಡಬೇಡಿ ಅನ್ನುವುದು. ಹೋದ ಸಲದ ಅಂಕ ಮುಂದಿಲ್ಲದಿದ್ದರೆ ಇವತ್ತಿನ 1+ ಏರುವ ದಾರಿಯಲ್ಲಿದೆಯೋ ಇಳಿಯುವ ದಾರಿಯಲ್ಲಿದೆಯೋ, ಎಂಥ ಡಾಕ್ಟರಿಗೂ ತಿಳಿಯುವುದಿಲ್ಲ.