ಬರೆದವರು ಯಾರು?

ಆಫೀಸಿನ ಗೆಳೆಯನಿಗೆ ಮೆಲೋಡಿಕ್ ಹಾರ್ಡ್‌ಕೋರ್ ಹುಚ್ಚು. ಯಾವ ಬ್ಯಾಂಡು ಎಲ್ಲಿ ಹುಟ್ಟಿತು, ಹಾಡು ಬರೆದದ್ದು ಯಾರು, ಯಾರ ಪ್ರಭಾವ... ಎಲ್ಲ ಬಾಯಿಪಾಠ. "ನಿಮ್ಮ ಕಾರವಾರದ ಕಡೆ ಯಾರಿದ್ದಾರೋ?" ಅಂದ. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡ ಅಂದೆ. ನಕ್ಕ.

ಪ್ರಭಾವ? ಹೆತ್ತ ತಾಯಿ. ಬರೆದವರು? ಯಾರೂ ಇಲ್ಲ. ಸುಕ್ರಜ್ಜಿಗೆ ಓದು-ಬರಹ ಬರುತ್ತಿರಲಿಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳೆಲ್ಲ ತಲೆಯಲ್ಲೇ. ಸಾರಾಯಿ ವಿರುದ್ಧ ಎದ್ದದ್ದೂ ಅದೇ ದನಿ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿ 13ರಂದು ಅಜ್ಜಿ ಹೋಗಿಬಿಟ್ಟರು.

"ರೆಕಾರ್ಡಿಂಗ್ ಇದೆ ತಾನೇ?" ಅಂದ ಗೆಳೆಯ. ಇದೆ, ಕಾರವಾರ ಆಕಾಶವಾಣಿಯವರು ಮಾಡಿಟ್ಟಿದ್ದಾರೆ. ಆದರೆ ಬ್ಯಾಕಪ್ಪು ಮದುವೆ ಮನೆಗೆ ಬಂದು ಹಾಡುತ್ತದೆಯೇ ಮಾರಾಯ್ರೆ? ಅಜ್ಜಿ ತಾಯಿಯಿಂದ ಕಲಿತ ಹಾಗೆ ಇನ್ನೊಬ್ಬಳು ಕಲಿತರೆ ಮಾತ್ರ ಹಾಡು ಉಳಿದ ಹಾಗೆ.

ಅಂದಹಾಗೆ, ನಿಮ್ಮಜ್ಜಿಯ ಹಾಡು ಒಂದಾದರೂ ನಿಮಗೆ ಬರುತ್ತಾ?