ಪಂಕ್ಚರಾದಲ್ಲಿ ಪರಿಚಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕು ಊರುಗಳ ನಡುವಿನ ದೂರ ಸೈಕಲ್ ತುಳಿಯುವವರಿಗೆ ಹೇಳಿ ಮಾಡಿಸಿದ್ದು. ಅಕ್ಕಪಕ್ಕದ ಎರಡು ಊರುಗಳ ನಡುವೆ ಹೆಚ್ಚುಕಡಿಮೆ 30ರಿಂದ 40 ಕಿಲೋಮೀಟರ್. ಒಂದೂರಲ್ಲಿ ನಸುಕಿನ ಕಾಫಿ ಕುಡಿದು ಹೊರಟರೆ ತಿಂಡಿಯ ಹೊತ್ತಿಗೆ ಇನ್ನೊಂದೂರಿನ ಹೋಟೆಲಿನಲ್ಲಿ ಇಡ್ಲಿಯ ಮುಂದೆ ಕೂತಿರಬಹುದು. ನಾಲ್ಕನ್ನೂ ಸುತ್ತಿ ಬರುತ್ತೇವೆಂದರೆ ಇಡೀ ದಿನ ಬೇಕು. ಮನೆ ಸೇರುವಷ್ಟರಲ್ಲಿ ಕಾಲು ಸೋತಿರುತ್ತದೆ, ಮಾತು ಸೋತಿರುವುದಿಲ್ಲ. ಸೈಕಲ್ ಗೆಳೆಯರ ಆ ಮಾತುಗಳನ್ನು ನಾನು ಆಸೆಯಿಂದ ಕೇಳುತ್ತೇನೆ. ಎಷ್ಟು ವೇಗವಾಗಿ ಹೋದೆವು ಎಂಬ ಸಂಗತಿ ಒಂದೇ ವಾಕ್ಯಕ್ಕೆ ಮುಗಿದುಹೋಗುತ್ತದೆ. ಎಲ್ಲಿ ಚೈನು ಬಿತ್ತು, ಯಾರ ಹೊಲದ ಬದುವಿನಲ್ಲಿ ಕೂತು ಟ್ಯೂಬಿಗೆ ತೇಪೆ ಹಾಕಿದೆವು, ಆಗ ಯಾರು ಬಂದು ಏನು ಕೊಟ್ಟರು ಎಂಬುದು ವರ್ಷಗಟ್ಟಲೆ ಉಳಿಯುತ್ತದೆ.

ನಮ್ಮ ಸೀಮೆಯ ಏರಿಳಿತ ಕಾರಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ, ಸೈಕಲ್ ತುಳಿಯುವವರ ತೊಡೆಗಳಿಗೆ ತಿಳಿಯುತ್ತದೆ. ಹಾಸನ ಇರುವುದು ಸಮುದ್ರಮಟ್ಟದಿಂದ 3000 ಅಡಿಗೂ ಮೇಲೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿ ನಿಂತಾಗ ನೀರಿನ ಮಟ್ಟ 2922 ಅಡಿ. ಹೊಳೆನರಸೀಪುರ ಅದಕ್ಕೂ ಕೆಳಗೆ, ಹೊಳೆಯ ದಂಡೆಯಲ್ಲಿ. ಹಾಗಾಗಿ ಹಾಸನದಿಂದ ಹೊಳೆಯ ಕಡೆಗೆ ಹೊರಟವರನ್ನು ಬೆಳಗ್ಗೆ ರಸ್ತೆಯೇ ಕರೆದುಕೊಂಡು ಹೋಗುತ್ತದೆ. ಬಿಸಿಲೇರಿದ ಮೇಲೆ ಅದೇ ರಸ್ತೆಯನ್ನು ಹತ್ತಿಕೊಂಡು ಬರಬೇಕು. ಆಗ ಮೊಸಳೆ ಗ್ರಾಮದ ಹೊಯ್ಸಳರ ಜೋಡಿ ಗುಡಿಗಳ ನೆರಳು ನೆನಪಾಗುತ್ತದೆ. ಶಿಲ್ಪ ನೋಡಲು ಬಂದವರಷ್ಟೇ ಭಕ್ತಿಯಿಂದ ನಾವು ಆ ಜಗಲಿಯ ತಂಪಿನಲ್ಲಿ ಕೂರುತ್ತೇವೆ.

ಅರಕಲಗೂಡಿನ ಕಡೆ ತಿರುಗಿದರೆ ಮಲೆನಾಡಿನ ಸೆರಗು ಸಿಗುತ್ತದೆ. ಅಲ್ಲಿ ಶುಂಠಿ, ಮುಸುಕಿನ ಜೋಳ, ಹೊಗೆಸೊಪ್ಪು. ರಾಮನಾಥಪುರದ ಸುತ್ತ ಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಬೆಂಕಿ ಹಾಕಿದ ದಿನಗಳಲ್ಲಿ ತಣ್ಣನೆಯ ಗಾಳಿಯೊಳಗೆ ಒಂದು ಬೆಚ್ಚಗಿನ ವಾಸನೆ ಬಂದು ಮುಖಕ್ಕೆ ತಾಗುತ್ತದೆ. ಚನ್ನರಾಯಪಟ್ಟಣದ ಕಡೆ ತೆಂಗು, ರಾಗಿ, ಕೆರೆ ಏರಿ, ಕಣ್ಣು ಹಾಯುವಷ್ಟೂ ಬಯಲು. ರಾಗಿಯ ನಡುವೆ ಸಾಲು ಹಾಕಿದ ಹುಚ್ಚೆಳ್ಳು ಹೂ ಬಿಟ್ಟಾಗ ಆ ಹಳದಿಯನ್ನು ನೋಡುತ್ತಾ ಪೆಡಲ್ ತಾನಾಗಿ ನಿಧಾನವಾಗುತ್ತದೆ. ಶ್ರವಣಬೆಳಗೊಳ ಇನ್ನೂ ದೂರವಿರುವಾಗಲೇ ವಿಂಧ್ಯಗಿರಿಯ ನೆತ್ತಿಯಲ್ಲಿ ಗೊಮ್ಮಟನ ತಲೆ ಕಾಣತೊಡಗುತ್ತದೆ. ಚಾವುಂಡರಾಯ 981ರಲ್ಲಿ ನಿಲ್ಲಿಸಿದನೆಂದು ಹೇಳುವ ಆ ಮೂರ್ತಿ ಬಸ್ಸಿನ ಕಿಟಕಿಯಲ್ಲಿ ಕ್ಷಣಕ್ಕೊಮ್ಮೆ ಮಿಂಚಿ ಮರೆಯಾಗುತ್ತದೆ. ಸೈಕಲ್ಲಿನವರಿಗೆ ಮಾತ್ರ ಬಹಳ ಹೊತ್ತು ಜೊತೆಗಿರುತ್ತದೆ.

ಇಷ್ಟೆಲ್ಲ ಚೆಲುವಿದ್ದೂ ಆಷಾಢದಲ್ಲಿ ನಾವು ತಲೆ ಎತ್ತಿ ನೋಡುವುದು ಕಡಿಮೆ. ಮುಂಗಾರಿನ ಗಾಳಿ ಪಡುವಲಿನಿಂದ ಘಟ್ಟ ಹತ್ತಿ ಬಂದು ನಮ್ಮ ಬಯಲಿಗೆ ಬೀಳುತ್ತದೆ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವಾಗ ಬೆನ್ನಿಗೆ ಕೈಕೊಟ್ಟು ತಳ್ಳಿದ ಗಾಳಿ, ತಿರುಗಿ ಬರುವಾಗ ಎದೆಗೆ ಕೈಕೊಟ್ಟು ತಡೆಯುತ್ತದೆ. ಒಬ್ಬರೇ ಇದ್ದರೆ ಒಂದೊಂದು ಮೈಲಿಗಲ್ಲೂ ಬೆಟ್ಟ. ನಾಲ್ಕು ಜನರಿದ್ದರೆ ಸಾಲಾಗಿ ಹೋಗುವ ಉಪಾಯವಿದೆ. ಮುಂದಿನವರು ಗಾಳಿಯನ್ನು ಸೀಳುತ್ತಾರೆ, ಅವರ ಹಿಂದಿನ ಚಕ್ರಕ್ಕೆ ಹತ್ತಿರವಾಗಿ ಬರುವವರಿಗೆ ತುಳಿತ ಹಗುರಾಗುತ್ತದೆ. ಮುಂದಿದ್ದವರು ದಣಿದಾಗ ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗುತ್ತಾರೆ, ಇನ್ನೊಬ್ಬರು ಮುಂದೆ ಬರುತ್ತಾರೆ. ನಮ್ಮ ಗುಂಪಿನಲ್ಲಿ ನಿವೃತ್ತ ಮೇಷ್ಟ್ರು, ಔಷಧಿ ಅಂಗಡಿಯವರು, ಆಸ್ಪತ್ರೆಯ ನರ್ಸಕ್ಕ, ಕಾಲೇಜು ಹುಡುಗರು ಎಲ್ಲರೂ ಇದ್ದಾರೆ. ಗಾಳಿಗೆ ವಯಸ್ಸು, ಹುದ್ದೆ ಗೊತ್ತಿಲ್ಲ. ‘ಮೇಷ್ಟ್ರೇ, ಸಾಕು, ಹಿಂದಕ್ಕೆ ಬನ್ನಿ, ನಾನು ಹೋಗ್ತೀನಿ’ ಎಂದು ನರ್ಸಕ್ಕ ಗಾಳಿಯ ಸದ್ದಿನ ಮೇಲೆ ಕೂಗುವುದನ್ನು ಕೇಳಿದಾಗ, ಒಬ್ಬರ ಪಾಲಿನ ಕಷ್ಟವನ್ನು ಇನ್ನೊಬ್ಬರು ತೆಗೆದುಕೊಳ್ಳುವುದು ಇಷ್ಟು ಸರಳವೇ ಎನಿಸುತ್ತದೆ.

ಗಾಳಿಯ ಇನ್ನೊಂದು ಕಥೆ ಟೈರಿನೊಳಗಿನದು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಗಾಳಿ ತುಂಬುವ ಟೈರು ಮಾಡಿದ, 1888ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಗಟ್ಟಿ ರಬ್ಬರಿನ ಚಕ್ರಗಳು ಸವಾರರ ಮೂಳೆ ಅಲುಗಿಸುತ್ತಿದ್ದವು. ಡನ್‌ಲಪ್‌ನ ಟೈರಿನೊಂದಿಗೆ ಲೋಕಕ್ಕೆ ಮೆತ್ತನೆಯ ಸವಾರಿಯೂ ಬಂತು, ಪಂಕ್ಚರೂ ಬಂತು. ನಮ್ಮ ಕಡೆ ಕೆರೆ ಏರಿಗಳ ಮೇಲಿನ ಜಾಲಿಮುಳ್ಳು ಈ ಎರಡನೆಯದನ್ನು ತಪ್ಪದೆ ತಲುಪಿಸುತ್ತದೆ.

ಹಾಗೆ ಒಮ್ಮೆ ಚನ್ನರಾಯಪಟ್ಟಣದ ಹತ್ತಿರದ ಒಂದು ಏರಿಯ ಮೇಲೆ ಹಿಂದಿನ ಚಕ್ರ ಕೂತುಬಿಟ್ಟಿತು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಟೈರು ಬಿಚ್ಚಿದೆವು. ತೂತು ಎಲ್ಲಿದೆಯೆಂದು ತಿಳಿಯಲು ಟ್ಯೂಬನ್ನು ಮುಳುಗಿಸುವುದಕ್ಕೆ ನೀರು ಬೇಕಿತ್ತು, ಕೆರೆ ಒಣಗಿತ್ತು. ಪಕ್ಕದ ತೆಂಗಿನ ತೋಟದಿಂದ ಅಜ್ಜ ಒಬ್ಬರು ಕೂಗಿದರು: ‘ಯಾವೂರಪ್ಪಾ? ಪಂಚರಾಯ್ತಾ? ಬನ್ನಿ ಬನ್ನಿ, ತೊಟ್ಟೀಲಿ ನೀರೈತೆ.’ ತೊಟ್ಟಿಯಲ್ಲಿ ಟ್ಯೂಬನ್ನು ಗೇಣುಗೇಣಾಗಿ ಮುಳುಗಿಸಿದಾಗ ಒಂದೆಡೆ ಸಣ್ಣ ಗುಳ್ಳೆಗಳ ಸರ ಎದ್ದಿತು. ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಆರುವವರೆಗೆ ಕಾದೆವು. ತೇಪೆ ಕೂರಿಸಿ ಟ್ಯೂಬನ್ನು ಒಳಗೆ ತೂರಿಸಲು ಹೊರಟಾಗ ಅಜ್ಜ ತಡೆದರು. ‘ಟೈರೊಳಗೆ ಬೆರಳಾಡ್ಸಿ ಮೊದ್ಲು. ಮುಳ್ಳು ಅಲ್ಲೇ ಇದ್ರೆ ಇನ್ನೊಂದು ಮೈಲಿಗೆ ಮತ್ತೆ ಕೂರ್ತೀರ.’ ಬೆರಳಾಡಿಸಿದರೆ ಮುಳ್ಳಿನ ಮೊನೆ ಅಲ್ಲೇ ಇತ್ತು. ಹರೆಯದಲ್ಲಿ ಅವರು ಸೈಕಲ್ಲಿನ ಎರಡೂ ಬದಿಗೆ ಎಳನೀರು ಕಟ್ಟಿಕೊಂಡು ಸಂತೆಗೆ ಹೋಗುತ್ತಿದ್ದವರಂತೆ. ಅಂದು ನಮಗೂ ಎಳನೀರು ಸಿಕ್ಕಿತು. ದುಡ್ಡು ಕೊಡಹೋದರೆ ‘ದಾರೀಲಿ ಕೂತೋರ ಹತ್ರ ಯಾರಾದ್ರೂ ಕಾಸಿಸ್ಕೊಂಡಾರಾ?’ ಎಂದರು.

ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಅಂಥ ಪರಿಚಯ ಸೈಕಲ್ಲಿನ ದಾರಿಯಲ್ಲೇ ಯಾಕೆ ಅಷ್ಟು ಸುಲಭವಾಗಿ ಆಗುತ್ತದೆ? ಕಾರು ಕೆಟ್ಟು ನಿಂತರೆ ಮರುಕವಿದ್ದವರೂ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಾರೆ, ಅದರ ಒಳಗು ಈಗ ಮೆಕ್ಯಾನಿಕ್ಕಿಗೂ ಯಂತ್ರ ಜೋಡಿಸಿ ನೋಡಿದರಷ್ಟೇ ತಿಳಿಯುತ್ತದೆ. ಸೈಕಲ್ಲಿನಲ್ಲಿ ಮುಚ್ಚಿಟ್ಟದ್ದು ಬಹಳ ಇಲ್ಲ. ಚೈನು, ಹಲ್ಲುಚಕ್ರ, ಕಡ್ಡಿ, ಬ್ರೇಕಿನ ತಂತಿ ಎಲ್ಲ ಕಣ್ಣೆದುರಿಗೇ ಇವೆ. ಏನು ಕೆಟ್ಟಿದೆಯೆಂದು ನೋಡಿದವರಿಗೆ ಕಾಣುತ್ತದೆ, ಕಂಡವರ ಕೈಗೆ ನಿಲುಕುತ್ತದೆ. ಒಂದು ಬೊಗಸೆ ನೀರು, ಕುಟ್ಟಲು ಒಂದು ಕಲ್ಲು, ಕಟ್ಟಲು ಒಂದು ತಂತಿಯ ತುಂಡು ಇದ್ದರೆ ಸಾಕು. ಗುರುತಿಲ್ಲದ ಒಬ್ಬರು ದಾರಿಯಲ್ಲಿ ಎಷ್ಟು ಉಪಕಾರ ಮಾಡಬಲ್ಲರೋ ಅಷ್ಟೇ ಅಳತೆಯ ಕಷ್ಟವನ್ನು ಸೈಕಲ್ ಕೊಡುತ್ತದೆ. ಅದಕ್ಕೇ ಅದರ ಸುತ್ತ ಸ್ನೇಹ ಬೆಳೆಯುತ್ತದೆ.

ಸುಗ್ಗಿಯ ದಿನಗಳಲ್ಲಿ ಈ ಸ್ನೇಹ ಇನ್ನಷ್ಟು ಗಾಢವಾಗುತ್ತದೆ. ಕಣ ಮಾಡುವವರು ಕಡಿಮೆಯಾಗಿ, ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವುದು ನಮ್ಮ ತಾಲ್ಲೂಕುಗಳಲ್ಲಿ ರೂಢಿಯಾಗಿದೆ. ಬಸ್ಸು, ಲಾರಿಗಳಿಗೆ ಅದು ಲೆಕ್ಕವಿಲ್ಲ. ಸೈಕಲ್ಲಿಗೆ ಹುರುಳಿ ಕಡ್ಡಿಯೆಂದರೆ ಬಲೆ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಫ್ರೀವೀಲಿಗೆ ಬಳ್ಳಿ ಸುತ್ತಿಕೊಂಡು, ಗೇರಿನ ಹಲ್ಲುಗಳ ನಡುವೆ ಬಿಗಿದು, ಪೆಡಲ್ ಅಲುಗದಂತೆ ನಿಲ್ಲಿಸುತ್ತದೆ. ಕಾಳು ಉದುರಿದ ಕಡೆ ಜಾರಿಕೆ ಬೇರೆ. ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವಾಗ ನಮ್ಮ ಔಷಧಿ ಅಂಗಡಿಯವರ ಸೈಕಲ್ ಹೀಗೆ ಸಿಕ್ಕಿಕೊಂಡಿತು. ಹುಲ್ಲು ಕೊಡವುತ್ತಿದ್ದ ತಾಯಿ ಓಡಿಬಂದರು. ‘ಎಳೀಬ್ಯಾಡ ಕಣಪ್ಪ, ಎಳುದ್ರೆ ಇನ್ನೂ ಬಿಗೀತೈತೆ. ತಡಿ, ಕುಡ್ಲು ತತ್ತೀನಿ.’ ಕುಡುಗೋಲಿನ ತುದಿಯಿಂದ ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದ ಆ ಕೈಚಳಕವನ್ನು ನಾವು ಸುಮ್ಮನೆ ನಿಂತು ನೋಡಿದೆವು. ಬಳಿಕ ಮಡಿಲಿನಿಂದ ಒಂದಿಷ್ಟು ಅವರೆಕಾಯಿ ತೆಗೆದು ಔಷಧಿ ಅಂಗಡಿಯವರ ಚೀಲಕ್ಕೆ ಹಾಕಿದರು. ಸೊಗಡು ತುಂಬಿದ ಆ ಕಾಯಿಯ ವಾಸನೆ ಮನೆಯವರೆಗೂ ಬಂತು. ಅಂದಿನಿಂದ ರಸ್ತೆಯ ಮೇಲೆ ಹುರುಳಿ ಕಂಡ ಕಡೆ ನಮ್ಮ ಗುಂಪು ಇಳಿದು ನಡೆಯುತ್ತದೆ. ನಡೆದರೆ ಮಾತಾಡಿಸಲೂ ಆಗುತ್ತದೆ.

ಊರೂರಿನ ಮಕ್ಕಳ ಪ್ರಶ್ನೆಗಳೂ ಈ ದಾರಿಯ ಸಂತೋಷಗಳಲ್ಲಿ ಸೇರಿವೆ. ‘ಅಂಕಲ್, ಎಷ್ಟು ಗೇರು?’ ‘ರೇಟೆಷ್ಟು?’ ‘ಹಾಸನದಿಂದ ತುಳ್ಕೊಂಡೇ ಬಂದ್ರಾ?’ ಉತ್ತರ ಕೊಡುವ ಮುಂಚೆಯೇ ತಮ್ಮ ಸೈಕಲ್ ಹತ್ತಿ ಊರಿನ ಗಡಿಯವರೆಗೆ ಪಂದ್ಯ ಕಟ್ಟುತ್ತಾರೆ. ನಾಯಿಗಳೂ ಗಡಿಯವರೆಗೇ ಅಟ್ಟಿಸಿಕೊಂಡು ಬರುತ್ತವೆ. ಇಳಿದು ಸೈಕಲ್ಲನ್ನು ನಡುವೆ ಹಿಡಿದು ನಿಂತರೆ ಹೆಚ್ಚಿನವು ಬೊಗಳುವುದನ್ನು ಬಿಟ್ಟು ಹಿಂದಿರುಗುತ್ತವೆ.

ಆ ಮಕ್ಕಳನ್ನು ನೋಡುವಾಗ ಬಾಡಿಗೆ ಸೈಕಲ್ಲಿನ ಕಾಲ ನೆನಪಾಗುತ್ತದೆ. ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡುವ ಅಂಗಡಿ ಎಲ್ಲ ಊರಲ್ಲೂ ಇತ್ತು. ಬಾರು ದಾಟದ ಕಾಲನ್ನು ಅದರ ಕೆಳಗೆ ತೂರಿಸಿ ಒಳಪೆಡಲ್ ತುಳಿಯುವ ಹುಡುಗನ ಹಿಂದೆ, ಕ್ಯಾರಿಯರ್ ಹಿಡಿದುಕೊಂಡು ಗೆಳೆಯರು ಓಡುತ್ತಿದ್ದರು. ಹಿಡಿದಿದ್ದೇವೆ ಎಂದು ಕೂಗುತ್ತಲೇ ಅವರು ಕೈಬಿಟ್ಟ ಗಳಿಗೆಯಲ್ಲಿ ಹುಡುಗ ಸೈಕಲ್ ಕಲಿತಿರುತ್ತಿದ್ದ. ಊರ ಬಯಲಿನಲ್ಲಿ ದಿನಗಟ್ಟಲೆ ಸೈಕಲ್ಲಿನಿಂದ ಇಳಿಯದೆ ಸುತ್ತುವ ಕಲಾವಿದರು ಬರುತ್ತಿದ್ದರು. ಊಟ, ಸ್ನಾನ ಎಲ್ಲ ಸೈಕಲ್ ಮೇಲೆಯೇ. ರಾತ್ರಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಊರಿಗೆ ಊರೇ ಸುತ್ತ ನೆರೆದು, ಅವರ ಅಂಗಿಗೆ ನೋಟು ಚುಚ್ಚಿ ಹುರಿದುಂಬಿಸುತ್ತಿತ್ತು. ಆಯುಧಪೂಜೆಯ ದಿನ ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆಯುವಷ್ಟು ಗೌರವ ಸೈಕಲ್ಲಿಗಿತ್ತು, ಏಕೆಂದರೆ ಹಾಲಿನ ಕ್ಯಾನು, ಹಸುವಿನ ಹುಲ್ಲು, ಅಂಚೆ, ಐಸ್‌ಕ್ಯಾಂಡಿ, ಮನೆಗೆ ಬರುವ ಸೊಸೆ ಎಲ್ಲವೂ ಅದರ ಮೇಲೇ ಬರುತ್ತಿದ್ದವು.

2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿ ರಸ್ತೆಗಳಿಗೆ ಹೊಸ ಕಳೆ ಬಂತು. ಪ್ರೌಢಶಾಲೆ ದೂರವೆಂದು ಏಳಕ್ಕೇ ಓದು ನಿಲ್ಲುತ್ತಿದ್ದ ಹೆಣ್ಣುಮಕ್ಕಳು ಎರಡು ಜಡೆ ಹಾಕಿಕೊಂಡು ಸಾಲಾಗಿ ತುಳಿಯುತ್ತಾ ಹೋಗುವುದನ್ನು ನಾವು ಕಂಡೆವು. ಒಬ್ಬಳ ಚೈನು ಬಿದ್ದರೆ ಎಲ್ಲರೂ ಇಳಿಯುತ್ತಿದ್ದರು. ಒಬ್ಬಳು ಕಡ್ಡಿಯಿಂದ ಚೈನನ್ನು ಹಲ್ಲಿಗೆ ಕೂರಿಸಿದರೆ ಇನ್ನೊಬ್ಬಳು ಪೆಡಲ್ಲನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಿದ್ದಳು. ಗ್ರೀಸಾದ ಬೆರಳನ್ನು ಹುಲ್ಲಿಗೆ ಒರೆಸಿ ಮತ್ತೆ ಹೊರಡುತ್ತಿದ್ದರು. ಶಾಲೆಗೆ ಒಟ್ಟಿಗೆ ತಡವಾಗಿ ಹೋಗುವ ಆ ಒಪ್ಪಂದ ನನಗೆ ಪಾಠದಷ್ಟೇ ದೊಡ್ಡದಾಗಿ ಕಂಡಿದೆ. ಕೋವಿಡ್ ವರ್ಷಗಳಲ್ಲಿ ಆ ಸೈಕಲ್ ವಿತರಣೆ ನಿಂತಾಗ ನನಗೆ ನಿಜವಾಗಿಯೂ ನೋವಾಯಿತು.

ಈಚೆಗೆ ನಮ್ಮ ಹುಡುಗರಲ್ಲಿ ಕೆಲವರಿಗೆ ‘ಬ್ರೆವೆ’ ಸವಾರಿಯ ಹುಚ್ಚು ಹಿಡಿದಿದೆ. ಫ್ರಾನ್ಸಿನಲ್ಲಿ ಬೆಳೆದ ಈ ಪದ್ಧತಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಹಿಂದೆ ಸಹಾಯದ ವಾಹನ ಬರುವಂತಿಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮನ್ನಣೆ, ಸ್ಥಾನಗಳಿಲ್ಲ. ಹೀಗಾಗಿ ಮಧ್ಯರಾತ್ರಿ ಯಾರಾದರೂ ಪಂಕ್ಚರಾಗಿ ಕೂತಿದ್ದರೆ ಹಿಂದೆ ಬಂದವರು ಇಳಿದು ಟಾರ್ಚು ಹಿಡಿಯುತ್ತಾರೆ, ಕಳೆದುಕೊಳ್ಳುವುದು ಒಂದಿಷ್ಟು ಹೊತ್ತು ಮಾತ್ರ. ನಮ್ಮ ಹೆಣ್ಣುಮಕ್ಕಳು ಶಾಲೆಯ ದಾರಿಯಲ್ಲಿ ತಾವಾಗಿ ಮಾಡಿಕೊಂಡಿದ್ದ ನಿಯಮ ಇದೇ ಅಲ್ಲವೇ?

ಈಗ ತಾಲ್ಲೂಕು ಕೇಂದ್ರಗಳಲ್ಲೂ ಸೈಕಲ್ ರಿಪೇರಿಯವರನ್ನು ಹುಡುಕಬೇಕು. ಕಡ್ಡಿ ಬಿಗಿದು ಚಕ್ರದ ಬೆಂಡು ತೆಗೆಯಬಲ್ಲ ಹಿರಿಯರ ಕೈಗಳು ಒಂದೊಂದಾಗಿ ನಿಲ್ಲುತ್ತಿವೆ. ಹೆದ್ದಾರಿ ಅಗಲವಾದಷ್ಟೂ ಅದರ ಅಂಚಿನಲ್ಲಿ ಸೈಕಲ್ಲಿನವರಿಗೆ ಉಳಿಯುವ ಜಾಗ ಕಿರಿದಾಗುತ್ತಿದೆ. ಇದು ಬದಲಾಗಲೆಂದು ನಾನು ಬಯಸುತ್ತೇನೆ. ಶಾಲೆಯ ಮಕ್ಕಳಿಗೆ ಮತ್ತೆ ಸೈಕಲ್ ಸಿಗಲಿ, ಅದರ ಜೊತೆಗೆ ಒಂದು ಪಂಪು, ಒಂದು ಡಬ್ಬಿ ಸೊಲ್ಯೂಷನ್ನೂ ಸಿಗಲಿ. ತೇಪೆ ಹಾಕುವುದನ್ನು ತರಗತಿಯಲ್ಲೇ ಕಲಿಸಲಿ. ಹೊಸ ರಸ್ತೆ ಮಾಡುವವರು ಎರಡೂ ಅಂಚಿನಲ್ಲಿ ಸೈಕಲ್ಲಿಗೆಂದು ಒಂದಿಷ್ಟು ಡಾಂಬರು ಬಿಡಲಿ.

ಅಷ್ಟರವರೆಗೆ ಕೇಳುವುದು ಒಂದೇ. ಹಾಸನದಿಂದ ಹೊಳೆನರಸೀಪುರಕ್ಕೋ, ಅರಕಲಗೂಡಿನಿಂದ ಗೊರೂರಿಗೋ ಹೋಗುವಾಗ ಸೈಕಲ್ ಮಗುಚಿಟ್ಟು ಯಾರಾದರೂ ಕೂತಿರುವುದು ಕಂಡರೆ ಗಾಡಿ ನಿಲ್ಲಿಸಿ ಏನಾಯ್ತು ಎಂದು ಕೇಳಿ. ನಿಮಗೆ ರಿಪೇರಿ ಬಾರದಿದ್ದರೂ ಚಿಂತೆಯಿಲ್ಲ. ನೀವು ಚಕ್ರ ಹಿಡಿದುಕೊಂಡರೆ ಅವರು ಟೈರು ಹಾಕಿಕೊಳ್ಳುತ್ತಾರೆ, ಅಷ್ಟರಲ್ಲಿ ಇಬ್ಬರೂ ಪರಸ್ಪರರ ಊರು ತಿಳಿದುಕೊಂಡಿರುತ್ತೀರಿ.