ಎಷ್ಟು ಹೊತ್ತಿನ ಬೆಟ್ಟ?

ಕಳೆದ ದಸರೆಯಲ್ಲಿ ಲಗ್ಗೆರೆಯ ನಮ್ಮ ಮನೆಯ ಹಜಾರದಲ್ಲಿ, ಪಟ್ಟದ ಗೊಂಬೆಗಳ ಪಕ್ಕದಲ್ಲಿ ಒಂದು ರೈಲುಗಾಡಿಯೂ ಓಡಿತು. ಅಮೆರಿಕದಲ್ಲಿರುವ ಮಗಳು ತನ್ನ ಅಣ್ಣನ ಮಗನಿಗೆಂದು ತಂದುಕೊಟ್ಟ ಗಾಡಿ ಅದು. ಒಂದು ಎಂಜಿನ್ನು, ನಾಲ್ಕು ಡಬ್ಬಿ, ಒಂದು ಸುತ್ತಿಗೆ ಸಾಲುವಷ್ಟು ಹಳಿ, ವೇಗವನ್ನು ಹೆಚ್ಚು ಕಡಿಮೆ ಮಾಡುವ ಒಂದು ತಿರುಗಣೆ. ಗೊಂಬೆ ನೋಡಲು ಬಂದ ಬೀದಿಯ ಮಕ್ಕಳು ಗಾಡಿಯನ್ನು ಮುತ್ತಿಕೊಂಡದ್ದು ಸಹಜವೇ. ದೊಡ್ಡವರು ಮಾತ್ರ ಕುಂಕುಮ ತೆಗೆದುಕೊಂಡು ಹೊರಡುವಾಗ ಇನ್ನೊಮ್ಮೆ ತಿರುಗಿ, ಗಾಡಿಯ ಹಿಂದಿನ ಬೆಟ್ಟಗಳನ್ನು ನೋಡುತ್ತಿದ್ದರು. ಆ ಬೆಟ್ಟಗಳು ಬಂದ ಬಗೆಯನ್ನು ಬರೆದಿಡಬೇಕೆಂದು ಅಂದಿನಿಂದಲೂ ಅಂದುಕೊಳ್ಳುತ್ತಿದ್ದೇನೆ.

ಮೂವತ್ತೈದು ವರ್ಷ ಗಣಿತ, ವಿಜ್ಞಾನ ಬೋಧಿಸಿದವನು ಮೊದಲು ಮಾಡುವ ಕೆಲಸ ಲೆಕ್ಕ. ಇಂಥ ಗಾಡಿಗೆ ಎಚ್‌ಒ ಅಳತೆಯ ಗಾಡಿ ಎನ್ನುತ್ತಾರೆ. ನಿಜ ಗಾತ್ರದ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಅದನ್ನು 87ರಿಂದ ಗುಣಿಸಿದರೆ ಸುಮಾರು 1435 ಬರುತ್ತದೆ. ನಮ್ಮ ಬ್ರಾಡ್‌ಗೇಜ್ 1676, ಹಳೆಯ ಮೀಟರ್‌ಗೇಜ್ 1000. ಎರಡಕ್ಕೂ ಸೇರದ ಈ ಅಳತೆ ನಮ್ಮ ಊರಿನಲ್ಲಿ ಮೆಟ್ರೋ ಹಳಿಗೆ ಮಾತ್ರ ಹೊಂದುತ್ತದೆ. ಆದರೂ ಈ ಗಾಡಿಯನ್ನು ಸಕಲೇಶಪುರದ ಘಟ್ಟದಲ್ಲಿಯೇ ಇಳಿಸಬೇಕೆಂಬ ಹಟ ನನಗೆ.

ಅದಕ್ಕೆ ಕಾರಣವುಂಟು. 1988ರ ಡಿಸೆಂಬರಿನಲ್ಲಿ ನಾನು ಹತ್ತನೆಯ ತರಗತಿಯ ಮಕ್ಕಳನ್ನು ಆ ದಾರಿಯಲ್ಲಿ ಪ್ರವಾಸಕ್ಕೆ ಕರೆದೊಯ್ದಿದ್ದೆ. ಹಾಸನದವರೆಗೆ ಬಸ್ಸು, ಅಲ್ಲಿಂದ ಮಂಗಳೂರಿಗೆ ಮೀಟರ್‌ಗೇಜಿನ ಹಗಲು ಗಾಡಿ. ಹಾಸನ-ಮಂಗಳೂರು ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರು ಘಟ್ಟದ ಹಾದಿ, 57 ಸುರಂಗಗಳು, 50 ಅಡಿ ಸಾಗಿದರೆ ಒಂದು ಅಡಿ ಇಳಿಜಾರು. 1996ರಲ್ಲಿ ಗೇಜ್ ಪರಿವರ್ತನೆಗೆಂದು ಆ ಗಾಡಿಗಳು ನಿಂತವು. ಮತ್ತೆ ಪ್ರಯಾಣಿಕರ ಗಾಡಿ ಓಡಿದ್ದು 2007ರ ಡಿಸೆಂಬರಿನಲ್ಲಿ, ಬ್ರಾಡ್‌ಗೇಜಿನ ಮೇಲೆ. ಸುರಂಗ ಬಂದಾಗಲೆಲ್ಲ ಮಕ್ಕಳು ಒಕ್ಕೊರಲಿನಿಂದ ಕೂಗುತ್ತಿದ್ದುದು, ಹೊರಬಂದೊಡನೆ ಕಣಿವೆ ಕಾಣಿಸಿ ಒಮ್ಮೆಗೇ ಮೌನವಾಗುತ್ತಿದ್ದುದು ನನ್ನ ಕಿವಿಯಲ್ಲಿ ಇಂದಿಗೂ ಉಳಿದಿದೆ.

ಈ ಘಟ್ಟವನ್ನು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ತರಬೇಕು. ಆ 55 ಕಿಲೋಮೀಟರನ್ನು 87ರಿಂದ ಭಾಗಿಸಿದರೂ 632 ಮೀಟರು ಉಳಿಯುತ್ತದೆ. ಎಂಟು ಅಡಿಯಲ್ಲಿ ಆ ಇಳಿಜಾರು ಎರಡು ಅಂಗುಲವೂ ಆಗದು. ಆ ಸೀಮೆಯ ಕುಮಾರಪರ್ವತದ ಎತ್ತರ 1712 ಮೀಟರು. ಅದನ್ನು ಇದೇ ಅಳತೆಯಲ್ಲಿ ಮಾಡಹೊರಟರೆ ಇಪ್ಪತ್ತು ಮೀಟರಿಗೆ ಸ್ವಲ್ಪ ಕಡಿಮೆ, ಅಂದರೆ ನಮ್ಮ ಬೀದಿಯ ಯಾವ ಮನೆಗಿಂತಲೂ ಎತ್ತರ! ಹೀಗಾಗಿ ಹಲಗೆಯ ಮೇಲೆ ಒಂದು ಸುರಂಗದ ಬಾಯಿ, ಒಂದು ಸೇತುವೆ, ನಾಲ್ಕು ಮರ ಮಾತ್ರ ನಿಜವಾಗಿ ಇರಬಹುದು. ಮಿಕ್ಕ ಘಟ್ಟವೆಲ್ಲ ಹಿಂದಿನ ಪರದೆಯಲ್ಲೇ ಇರಬೇಕು.

ಮೊದಲು ನಾನೇ ಕುಂಚ ಹಿಡಿದೆ. ಎರಡು ಪ್ಲೈವುಡ್ ಹಲಗೆಗಳನ್ನು ಮೂಲೆಯಲ್ಲಿ ಕೂಡಿಸಿ ನಿಲ್ಲಿಸಿ, ಕಿಟಕಿಗೆ ಬಳಿದು ಉಳಿದಿದ್ದ ಎನಾಮಲ್ ಬಣ್ಣದಿಂದ ನೀಲಿ ಆಕಾಶವನ್ನೂ ಹಚ್ಚಹಸಿರು ಬೆಟ್ಟಗಳನ್ನೂ ಬರೆದೆ. ಎರಡು ದಿನದ ಶ್ರಮ. ದೀಪ ಹಾಕಿದೊಡನೆ ಆಕಾಶ ಥಳಥಳ ಹೊಳೆಯಿತು. ಎರಡು ಹಲಗೆ ಸೇರುವಲ್ಲಿ ಆಕಾಶಕ್ಕೇ ಒಂದು ಮಡಿಕೆ ಬಿದ್ದಿತ್ತು. ಮೊಮ್ಮಗ ಗಾಡಿ ಬಿಟ್ಟು ಒಂದು ಸುತ್ತು ನೋಡಿ, "ತಾತ, ರೈಲು ಹೋಗಿ ಗೋಡೆಗೆ ಗುದ್ದೋ ಹಂಗಿದೆ" ಎಂದ. ಏಳು ವರ್ಷದ ಮಗು ಸುಳ್ಳು ಹೇಳುವುದಿಲ್ಲ.

ಮಗ ಫ್ಲೆಕ್ಸ್ ಮಾಡಿಸೋಣವೆಂದ. ಅಂತರ್ಜಾಲದಿಂದ ಘಟ್ಟದ ಒಂದು ಚಿತ್ರ ತೆಗೆದು ಅರ್ಧ ದಿನದಲ್ಲಿ ಮುದ್ರಿಸಿ ತಂದ. ಚಿತ್ರವೇನೋ ಮನೋಹರ. ಆದರೆ ಅದನ್ನು ತೆಗೆದವರು ಗುಡ್ಡದ ನೆತ್ತಿಯಿಂದ ಕೆಳಗೆ ನೋಡಿ ತೆಗೆದಿದ್ದರು. ನಾವೋ ಗಾಡಿಯನ್ನು ಮಗ್ಗುಲಿನಿಂದ ನೋಡುವವರು. ಪರದೆಯೊಂದು ದಿಕ್ಕಿಗೆ, ಹಳಿಯೊಂದು ದಿಕ್ಕಿಗೆ ಎಳೆದಂತಾಯಿತು. ನನ್ನಾಕೆ, "ಏನ್ರೀ ಇದು, ರಾಜಕಾರಣಿ ಹುಟ್ಟುಹಬ್ಬದ ಬ್ಯಾನರಿನ ಹಾಗೆ ಕಾಣುತ್ತೆ, ನಡುವೆ ಅವರ ಮುಖ ಒಂದೇ ಕಮ್ಮಿ" ಎಂದಳು.

ಬ್ಯಾನರ್ ಎಂಬ ಮಾತಿನಿಂದಲೇ ಅವನ ನೆನಪಾಯಿತು.

ನಮ್ಮ ಮನೆಯಿಂದ ನಾಲ್ಕು ತಿರುವು ದಾಟಿದರೆ ಒಂದು ಸಣ್ಣ ಅಂಗಡಿ. ಗಾಡಿಯ ನಂಬರ್ ಪ್ಲೇಟು, ಅಂಗಡಿಯ ನಾಮಫಲಕ, 'ಮನೆ ಬಾಡಿಗೆಗಿದೆ' ಇತ್ಯಾದಿ ಬರೆದುಕೊಡುವ ಜಾಗ. ಅದರ ಒಡೆಯ ನನ್ನ ಶಿಷ್ಯ, ಆ 1988ರ ತರಗತಿಯವನೇ. ನನ್ನ ವಿಷಯದಲ್ಲಿ ಎರಡು ಬಾರಿ ಅನುತ್ತೀರ್ಣನಾದವನು. ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲೆಲ್ಲ ಎತ್ತು, ಬಂಡಿ, ನನ್ನ ಮುಖ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಕಟ್ಟುತ್ತೇನೆಂದು ಬಂದಾಗ, "ಮೊದಲು ಗಣಿತದಲ್ಲಿ ಮೂವತ್ತೈದು ತೆಗಿ" ಎಂದು ಕಳಿಸಿದ್ದೆ. ಆಗ ನಾನು ಆಡಿದ್ದು ಸರಿಯೆಂದೇ ಬಹಳ ಕಾಲ ನಂಬಿದ್ದೆ.

ಶಾಲೆ ಬಿಟ್ಟ ಮೇಲೆ ಅವನು ಹಳ್ಳಿ ನಾಟಕಗಳಿಗೆ ಸೀನರಿ ಬಾಡಿಗೆ ಕೊಡುವವರೊಬ್ಬರ ಬಳಿ ಪರದೆ ಬರೆಯುತ್ತಿದ್ದನಂತೆ. ಆಮೇಲೆ ಸಿನಿಮಾ ಬ್ಯಾನರು. ನಲವತ್ತು ಅಡಿ ಎತ್ತರದ ನಾಯಕರನ್ನು ಚೌಕ ಚೌಕವಾಗಿ ಬರೆಯುವ ಕೆಲಸ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಫ್ಲೆಕ್ಸ್ ಬಂದು ಆ ಕಸುಬನ್ನೇ ನುಂಗಿತು. 2009ರಲ್ಲಿ ಮಹಾನಗರ ಪಾಲಿಕೆ ಬೆಂಗಳೂರಿನ ಗೋಡೆಗಳ ಮೇಲೆ ನಾಡಿನ ದೃಶ್ಯಗಳನ್ನು ಬರೆಯಿಸಿದ್ದು ನಿಮಗೂ ನೆನಪಿರಬಹುದು; ಕೆಲಸವಿಲ್ಲದೆ ಕುಳಿತಿದ್ದ ಬ್ಯಾನರ್ ಕಲಾವಿದರೇ ಅದನ್ನು ಬರೆದರು. ಇವನ ಪಾಲಿಗೂ ಕೆಲವು ಗೋಡೆಗಳು ಬಂದವಂತೆ. 2018ರಲ್ಲಿ ಹೈಕೋರ್ಟಿನ ಆದೇಶದ ಮೇಲೆ ನಗರದ ಫ್ಲೆಕ್ಸ್‌ಗಳನ್ನು ಕಿತ್ತಾಗ ಮತ್ತೆ ಕುಂಚಕ್ಕೆ ಕಾಲ ಬಂತೆಂದುಕೊಂಡನಂತೆ. ಬರಲಿಲ್ಲ.

ಸಂಕೋಚದಿಂದಲೇ ಹೋಗಿ ಕೇಳಿದೆ. ಭಾನುವಾರ ಬಂದ. ನನ್ನ ಎನಾಮಲ್ ಬೆಟ್ಟಗಳನ್ನು ನೋಡಿ ನಗಲಿಲ್ಲ, ಅದು ಅವನ ದೊಡ್ಡತನ. ಸ್ವಲ್ಪ ಹೊತ್ತು ನಿಂತು, "ಸಾರ್, ಇದು ಎಷ್ಟು ಹೊತ್ತಿನ ಬೆಟ್ಟ?" ಎಂದು ಕೇಳಿದ.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೆಳಗಿನದೋ, ಮಧ್ಯಾಹ್ನದ್ದೋ, ಮಳೆ ಬಂದು ಹೋದ ಮೇಲಿನದೋ ತಿಳಿಯದೆ ಬಣ್ಣ ಕಲಸುವುದು ಹೇಗೆ ಎಂದ. ಆಮೇಲೆ ನನ್ನನ್ನು ತಾರಸಿಗೆ ಕರೆದೊಯ್ದ. ನಾನು ಇಲ್ಲಿ ಮನೆ ಕಟ್ಟಿದಾಗ ಅಲ್ಲಿಂದ ರಾಗಿ ಹೊಲ ಕಾಣುತ್ತಿತ್ತು. ಈಗ ಪೀಣ್ಯದ ಕಡೆಗೆ ಕಣ್ಣು ಹಾಯುವಷ್ಟು ದೂರವೂ ಮನೆಗಳು, ಮನೆಗಳ ಮೇಲೆ ಕಪ್ಪು ನೀರಿನ ಟ್ಯಾಂಕುಗಳು. "ಎಲ್ಲ ಒಂದೇ ಕಪ್ಪು ತಾನೆ ಸಾರ್? ಈಗ ನೋಡಿ. ಪಕ್ಕದ ಮನೆ ಟ್ಯಾಂಕು ಕಪ್ಪು. ಆ ರಿಂಗ್ ರೋಡ್ ಕಡೇದು ಬೂದಿ. ಇನ್ನೂ ಹಿಂದಿಂದು ಆಕಾಶದ ಬಣ್ಣಕ್ಕೇ ತಿರುಗಿಬಿಟ್ಟಿದೆ. ನೀವು ದೂರದ ಬೆಟ್ಟಕ್ಕೂ ಹತ್ತಿರದ ಹಸಿರನ್ನೇ ಹಾಕಿದೀರಿ. ಅದಕ್ಕೇ ಅದು ಮುಂದಕ್ಕೆ ಬಂದು ನಿಂತಿದೆ."

ನಾನು ತಲೆ ತಗ್ಗಿಸಿದೆ. ಆಕಾಶವೇಕೆ ನೀಲಿ ಎಂಬ ಪಾಠವನ್ನು ವರ್ಷ ವರ್ಷವೂ ಮಾಡಿದವನು ನಾನು. ಗಾಳಿಯ ಅಣುಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಬಹಳ ಹೆಚ್ಚಾಗಿ ಚದರಿಸುತ್ತವೆ ಎಂಬ ಲಾರ್ಡ್ ರ್ಯಾಲಿಯ 1871ರ ವಿವರಣೆಯನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯೂ ಅದೇ ಕೆಲಸ ಮಾಡುತ್ತದೆ. ನೀಲಗಿರಿಗೆ ಆ ಹೆಸರಿಟ್ಟವರಿಗೆ ರ್ಯಾಲಿಯ ಗೊಡವೆ ಬೇಕಾಗಿರಲಿಲ್ಲ. ಸೂತ್ರ ಬಲ್ಲ ನನಗೆ ಹೊಳೆಯದ್ದು, ಅದೇ ಪ್ರಶ್ನೆಗೆ ಸೊನ್ನೆ ಪಡೆದವನ ಕೈಗೆ ಗೊತ್ತಿತ್ತು.

ಅವನು ನನ್ನ ಎರಡು ಹಲಗೆಗಳನ್ನು ಬದಿಗಿಟ್ಟು, ತೆಳುವಾದ, ಬಾಗುವ ಪ್ಲೈವುಡ್ ತರಿಸಿದ. ಮೂಲೆಯಲ್ಲಿ ಅದನ್ನು ಮಡಿಸದೆ ಕಮಾನಿನಂತೆ ಬಾಗಿಸಿ ಚೌಕಟ್ಟಿಗೆ ಮೊಳೆ ಹೊಡೆದ. ಮೂಲೆಯೇ ಕಾಣದಾಯಿತು. ಗೋಡೆಗೆ ಬಳಿಯುವ ಹೊಳಪಿಲ್ಲದ ಎಮಲ್ಷನ್ ಬಣ್ಣ. ಮೇಲೆ ನೀಲಿ, ಕೆಳಗಿಳಿದಂತೆ ಬಿಳಿ. ಅದು ಒಣಗುವ ಮೊದಲೇ ಒದ್ದೆ ಕುಂಚದಿಂದ ಎರಡನ್ನೂ ಬೆರೆಸಿದ. ಬೆಟ್ಟಗಳನ್ನು ಹಿಂದಿನಿಂದ ಮುಂದಕ್ಕೆ ಬರೆದ: ಮೊದಲ ಸಾಲು ಆಕಾಶಕ್ಕಿಂತ ಕೂದಲೆಳೆಯಷ್ಟು ಗಾಢ, ಎರಡನೆಯದಕ್ಕೆ ತುಸು ನೀಲಿ, ಮೂರನೆಯದಕ್ಕೆ ಬಂದ ಮೇಲೆಯೇ ಹಸಿರಿನ ಸುಳಿವು. ಬೆಟ್ಟದ ಬುಡ ಎಲ್ಲಿ ಬರಬೇಕೆಂದು ನಿರ್ಧರಿಸಲು ಮೊಮ್ಮಗನನ್ನು ಸ್ಟೂಲಿನ ಮೇಲೆ ಕೂರಿಸಿ ಅವನ ಕಣ್ಣಿನ ಎತ್ತರಕ್ಕೆ ಗೆರೆ ಎಳೆದ. ನನ್ನ ಕಣ್ಣಿನ ಎತ್ತರವನ್ನು ಕೇಳಲೇ ಇಲ್ಲ. ಪರದೆಯನ್ನು ಹಳಿಯಿಂದ ಒಂದು ಗೇಣು ಹಿಂದಕ್ಕೆ ಸರಿಸಿ, ದೀಪವನ್ನು ಮುಂದಕ್ಕೆ ತಂದ. ಇಲ್ಲವಾದರೆ ಮರದ ನೆರಳು ಆಕಾಶದ ಮೇಲೆ ಬೀಳುತ್ತದಂತೆ.

ಮರಗಳನ್ನು ಎಲೆ ಎಲೆಯಾಗಿ ಬಿಡಿಸು ಎಂದು ನಾನು ಒತ್ತಾಯಿಸಿದೆ. ಕೇಳಲಿಲ್ಲ. "ಸೀನರಿ ಬರೆಯೋವಾಗ ನಮ್ಮ ಮೇಷ್ಟ್ರು ಒಂದೇ ಮಾತು ಹೇಳ್ತಿದ್ರು ಸಾರ್. ಕಾಡಿನ ಪರದೆ ಚೆನ್ನಾಗಿದೆ ಅಂತ ಜನ ಅಂದ್ರೆ ರಾಮನ ಪಾತ್ರಧಾರಿ ಕೆಟ್ಟ ಹಾಗೆ." 'ನಮ್ಮ ಮೇಷ್ಟ್ರು' ಎಂದದ್ದು ಆ ಸೀನರಿಯವರನ್ನು. ಅಲ್ಲಿದ್ದ ನಿಜವಾದ ಮೇಷ್ಟ್ರಾದ ನಾನು ಸುಮ್ಮನಿದ್ದೆ. ಗುಬ್ಬಿ ವೀರಣ್ಣನವರ ಕಂಪನಿ 1934ರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ಆನೆಗಳ ಹಿಂದೆಯೂ ಯಾರೋ ಬರೆದ ಪರದೆ ಸುಮ್ಮನೆ ನಿಂತಿದ್ದಿರಬೇಕಲ್ಲವೆ ಎಂದು ಯೋಚಿಸುತ್ತ ಕುಳಿತೆ.

ಮೂರನೆಯ ಭಾನುವಾರ ಕಾಫಿ ಕುಡಿಯುವಾಗ ನಾನು ಹುರುಪಿನಿಂದ ಆ ಪ್ರವಾಸದ ವಿಷಯ ತೆಗೆದೆ. ಡೋಣಿಗಲ್ ದಾಟಿದ ಮೇಲೆ ಹತ್ತಿದ ಮಂಜು, ಎಡಕುಮೇರಿಯಲ್ಲಿ ಗಾಡಿ ನಿಂತಾಗ ಕೇಳಿದ ನೀರಿನ ಸದ್ದು, ಮಧ್ಯಾಹ್ನ ಒಮ್ಮೆಲೇ ತೆರೆದುಕೊಂಡ ಬೆಟ್ಟಗಳ ಸಾಲು. "ನೀನೂ ಬಾಗಿಲ ಹತ್ತಿರವೇ ನಿಂತಿದ್ದೆಯಲ್ಲಪ್ಪ?"

"ಇಲ್ಲ ಸಾರ್. ನಾನು ಬಂದಿರಲಿಲ್ಲ."

ಹಣ ಕಟ್ಟಿರಲಿಲ್ಲವಂತೆ. ತಲೆಗೆ ಅರವತ್ತು ರೂಪಾಯಿ ಇಟ್ಟಿದ್ದೆವು. ಪಟ್ಟಿ ಮಾಡಿದವನು ನಾನೇ. ಕಟ್ಟದವರ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದವನೂ ನಾನೇ. ಅವನ ಹೆಸರನ್ನು ಹೊಡೆದದ್ದು ನೆನಪಿಲ್ಲ. ಅವನು ಬಾಗಿಲ ಬಳಿ ನಿಂತಿದ್ದ ಚಿತ್ರ ಮಾತ್ರ ನಿಚ್ಚಳವಾಗಿತ್ತು. ಅದನ್ನು ನನ್ನ ಮನಸ್ಸು ಯಾವಾಗ ಬರೆದುಕೊಂಡಿತೋ ತಿಳಿಯದು. "ತಪ್ಪಾಯಿತಪ್ಪ" ಎಂದೆ. ಅವನು ಲೋಟ ಕೆಳಗಿಟ್ಟು, "ಅಯ್ಯೋ ಬಿಡಿ ಸಾರ್, ಎಷ್ಟು ಜನ ಬಂದಿರಲಿಲ್ಲ" ಎಂದು ಮತ್ತೆ ಕುಂಚ ಹಿಡಿದ. ಆ ಮಾತು ನನಗೆ ಸಮಾಧಾನ ತರಲಿಲ್ಲ.

ಅಂದರೆ, ಕಾಣದ ಘಟ್ಟವನ್ನೇ ಅವನು ಬರೆಯುತ್ತಿದ್ದ. ಅದಕ್ಕೇ ಮೊದಲ ದಿನ ಅಷ್ಟು ಪ್ರಶ್ನೆಗಳು. ಆ ದಿನದ ಮಧ್ಯಾಹ್ನದ ಬೆಟ್ಟವೇ ಬೇಕೆಂದು ಈಗ ಹೇಳಿದೆ. ಅವನು ಮೂರನೆಯ ಸಾಲಿನ ಬುಡಕ್ಕೆ ನೀರು ಬೆರೆಸಿದ ಬಿಳಿಯನ್ನು ಒಣ ಬಟ್ಟೆಯಿಂದ ಒತ್ತಿದ. ಕಣಿವೆಯಿಂದ ಮಂಜು ಏಳತೊಡಗಿತು. ನನ್ನಾಕೆ ಅಡುಗೆಮನೆಯಿಂದ ಬಂದು ನೋಡಿ, ಏನೂ ಹೇಳದೆ, ಸ್ವಲ್ಪ ಹೊತ್ತು ಅಲ್ಲಿಯೇ ನಿಂತಳು.

ಕೂಲಿಯ ಮಾತು ಬಂದಾಗ ಮೊದಲು ಬೇಡವೆಂದ. ನಾನು ಗದರಿದ ಮೇಲೆ ಗೋಡೆ ಬರಹದ ದರದಂತೆ ಚದರ ಅಡಿ ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿತ್ತು, ನಾನು ಎರಡು ಸಲ ತಾಳೆ ನೋಡಿದೆ. ಯಶವಂತಪುರದಿಂದ ಮಂಗಳೂರಿಗೆ ಹೋಗುವ ಹಗಲು ಗಾಡಿಗೆ 2021ರಲ್ಲಿ ಗಾಜಿನ ಚಾವಣಿಯ ಬೋಗಿ ಜೋಡಿಸಿದ್ದನ್ನು ಹೇಳಿ, ಒಮ್ಮೆ ಹೋಗಿಬರೋಣ, ಟಿಕೆಟ್ಟು ನನ್ನದು ಎಂದೆ. ಅವನು ಕುಂಚಗಳನ್ನು ತೊಳೆಯುತ್ತಿದ್ದ.

"ನೋಡೋಣ ಸಾರ್. ಮೊದಲು ಈ ಬಣ್ಣ ಒಣಗಲಿ. ಎರಡು ದಿನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ" ಎಂದ.